ಅಕ್ಯುಪಂಕ್ಚರ್‌ನಿಂದ ಮಂಡಿ ನೋವು ನಿಜವಾಗಿ ಕಡಿಮೆ ಆಗುತ್ತಾ?

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆ ಇವೆ. 58 ವರ್ಷದ ನಿಮ್ಮ ತಾಯಿಯವರ ಮಂಡಿ ಸವೆತಕ್ಕೆ ಸೂಜಿ ಚಿಕಿತ್ಸೆಯಿಂದ ಉಪಯೋಗ ಇದೆಯಾ ಅನ್ನೋದು ಒಂದು. ಕ್ಲಿನಿಕ್‌ನವರು "ಹತ್ತು ಸಿಟಿಂಗ್ ಆದಮೇಲೆ ಶುಗರ್ ಮಾತ್ರೆಯೂ ಬೇಕಾಗಲ್ಲ" ಅಂದಿದ್ದಾರಲ್ಲ, ಅದನ್ನು ನಂಬಬಹುದಾ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ: ನಂಬಬೇಡಿ. ಮಾತ್ರೆ ನಿಲ್ಲಿಸಬೇಡಿ. ಮಂಡಿ ವಿಷಯ ಅಷ್ಟು ಸುಲಭವಾಗಿ ಮುಗಿಯಲ್ಲ.

ನಾನು ಡಾಕ್ಟರ್ ಅಲ್ಲ. ಎರಡು ವರ್ಷ ಸೊಂಟ ನೋವಿನಲ್ಲಿ ಒದ್ದಾಡಿ, ಕೊನೆಗೆ ಎಂಟು ಸಿಟಿಂಗ್ ಸೂಜಿ ಹಾಕಿಸಿಕೊಂಡವನು. ಇಂಜೆಕ್ಷನ್ ಸೂಜಿ ನೆನೆಸಿಕೊಂಡು ಹೆದರಿ ಹೋಗಿದ್ದೆ. ಇದು ಹಾಗಿರಲಿಲ್ಲ, ತಲೆಗೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ. ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮದ ಮೇಲೆ ನಿಲ್ಲಿಸಿ, ಅದರೊಳಗಿನ ಸೂಜಿಯ ತುದಿಯನ್ನು ಬೆರಳಿನಿಂದ ಟಕ್ ಅಂತ ತಟ್ಟಿದರು. ಇರುವೆ ಕಚ್ಚಿದ ಹಾಗಾಯಿತು. ಆಮೇಲೆ ಆ ಜಾಗದಲ್ಲಿ ಒಂಥರಾ ಭಾರ, ಜೋಮು. ಇಪ್ಪತ್ತು ನಿಮಿಷ ಬೋರಲು ಮಲಗಿದ್ದೆ, ನಿದ್ದೆ ಬಂದುಬಿಟ್ಟಿತ್ತು. ನಾಲ್ಕನೇ ಸಿಟಿಂಗ್ ಹೊತ್ತಿಗೆ ನೋವು ಕಡಿಮೆ ಆಗಿತ್ತು. ಆದರೆ ಅದೇ ತಿಂಗಳು ಆಫೀಸಿನ ಕುರ್ಚಿ ಬದಲಾಯಿಸಿದ್ದೆ, ವಾಕಿಂಗ್ ಶುರು ಮಾಡಿದ್ದೆ. ಅದೂ ಅಲ್ಲದೆ, ನೋವು ಮಿತಿ ಮೀರಿದಾಗಲೇ ತಾನೇ ನಾವು ಇಂಥ ಕಡೆ ಹೋಗೋದು? ಅಲ್ಲಿಂದ ಅದು ತಾನಾಗಿಯೇ ಇಳಿಯುವುದೂ ಇದೆ. ಹಾಗಾಗಿ ನನ್ನ ಅನುಭವ ನಿಮಗೆ ಸಾಕ್ಷಿ ಆಗಲ್ಲ.

ಸಾಕ್ಷಿ ಬೇಕು ಅಂದರೆ ಜರ್ಮನಿಗೆ ಹೋಗಬೇಕು. ಅಲ್ಲಿ ಮಂಡಿ ಸವೆತ ಇರುವ ಸುಮಾರು ಸಾವಿರ ಜನರ ಮೇಲೆ ದೊಡ್ಡ ಪರೀಕ್ಷೆ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ಗುಂಪು. ಮೂವರಿಗೂ ಫಿಸಿಯೋಥೆರಪಿ ಇತ್ತು, ಬೇಕಾದರೆ ನೋವಿನ ಮಾತ್ರೆಯೂ ಇತ್ತು. ಅದರ ಜೊತೆಗೆ ಒಂದು ಗುಂಪಿಗೆ ಚೀನೀ ಶಾಸ್ತ್ರದ ಪ್ರಕಾರ ಸೂಜಿ. ಇನ್ನೊಂದು ಗುಂಪಿಗೆ ಬೇಕೆಂದೇ ಬೇರೆ ಜಾಗದಲ್ಲಿ, ಮೇಲೆ ಮೇಲೆ ಚುಚ್ಚಿದ 'ಸುಳ್ಳು' ಸೂಜಿ. ಮೂರನೆಯವರಿಗೆ ಡಾಕ್ಟರ್ ಭೇಟಿ ಮಾತ್ರ. ಆರು ತಿಂಗಳ ಮೇಲೆ ನೋಡಿದರೆ ಸರಿಯಾದ ಸೂಜಿಯವರಲ್ಲಿ ಶೇ. 53 ಜನಕ್ಕೆ ಗುಣ ಕಂಡಿತ್ತು. ಸುಳ್ಳು ಸೂಜಿಯವರಲ್ಲಿ ಶೇ. 51. ಸೂಜಿಯೇ ಇಲ್ಲದವರಲ್ಲಿ ಶೇ. 29.

ಈ ಮೂರು ಅಂಕಿಗಳನ್ನು ಇಟ್ಟುಕೊಂಡು ನಿಮ್ಮ ಕ್ಲಿನಿಕ್‌ನವರೂ ಜಗಳ ಆಡಬಹುದು, ಅವರನ್ನು ನಂಬದವರೂ ಆಡಬಹುದು. 53 ಮತ್ತು 29 ನೋಡಿದರೆ ಭಾರೀ ಉಪಯೋಗ. 53 ಮತ್ತು 51 ನೋಡಿದರೆ ಚೀನೀ ಶಾಸ್ತ್ರ ಹೇಳುವ ಬಿಂದು, ನಾಡಿ, ಮೈಯಲ್ಲಿ ಹರಿಯುತ್ತೆ ಅನ್ನುವ 'ಚೀ' ಎಂಬ ಜೀವಶಕ್ತಿಯ ದಾರಿ ಎಲ್ಲಾ ಬರೀ ಮಾತು. ಎಲ್ಲಿ ಚುಚ್ಚಿದರೂ ಹೆಚ್ಚುಕಡಿಮೆ ಒಂದೇ! ಸೊಂಟ ನೋವಿನ ಒಂದು ಅಮೆರಿಕದ ಪರೀಕ್ಷೆ (2009) ಇನ್ನೂ ಮಜವಾಗಿದೆ. ಅಲ್ಲಿ ಕೆಲವರಿಗೆ ಚುಚ್ಚಲೇ ಇಲ್ಲ. ನಾನು ಮೇಲೆ ಹೇಳಿದೆನಲ್ಲ, ಅಂಥದೇ ಕೊಳವೆಯೊಳಗೆ ಟೂತ್‌ಪಿಕ್ ಇಟ್ಟು ಒತ್ತಿ ತಿರುಗಿಸಿದರು. ಅವರಿಗೂ ಸೂಜಿಯವರಷ್ಟೇ ಗುಣ ಆಯಿತು. ಅದನ್ನು ಓದಿದ ಮೇಲೆ ನನ್ನ ಬೆನ್ನಿಗೆ ತಟ್ಟಿದ್ದು ನಿಜವಾಗಿ ಏನು ಅಂತ ನನಗೇ ಅನುಮಾನ ಬಂದಿತ್ತು.

ಹಾಗಾದರೆ ಗುಣ ಎಲ್ಲಿಂದ ಬಂತು? ಒಂದು ಪಾಲು ನಂಬಿಕೆ, ಒಂದು ಪಾಲು ಉಪಚಾರ. ಐಬಿಎಸ್, ಅಂದರೆ ಪದೇ ಪದೇ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ತೊಂದರೆ ಇದ್ದ 262 ಜನರ ಮೇಲೆ 2008ರಲ್ಲಿ ಬಂದ ಒಂದು ಅಧ್ಯಯನ ಇದೆ. ಸುಮ್ನೆ ಕಾಯುತ್ತಾ ಇದ್ದವರಲ್ಲಿ ಶೇ. 28 ಜನ 'ಪರವಾಗಿಲ್ಲ' ಅಂದರು. ಸುಳ್ಳು ಸೂಜಿ ಪಡೆದವರಲ್ಲಿ ಶೇ. 44. ಅದೇ ಸುಳ್ಳು ಸೂಜಿಯ ಜೊತೆ ಕೂತು ಸಮಾಧಾನವಾಗಿ ಕಷ್ಟ ಕೇಳಿದಾಗ ಶೇ. 62. ನನ್ನ ಮೊದಲ ಸಿಟಿಂಗ್‌ನಲ್ಲಿ ಸೂಜಿ ಹಾಕುವಾಕೆ ನಿದ್ದೆ, ಊಟ, ಕೆಲಸ ಎಲ್ಲಾ ಅರ್ಧ ಗಂಟೆ ವಿಚಾರಿಸಿದ್ದರು. ಅದಕ್ಕೆ ಮೊದಲು ನೋಡಿದ ಯಾವ ಡಾಕ್ಟರೂ ಐದು ನಿಮಿಷದ ಮೇಲೆ ಕೊಟ್ಟಿರಲಿಲ್ಲ.

ಸರ್ಕಾರಗಳೂ ಇದರಲ್ಲಿ ಒಂದೇ ಮಾತು ಹೇಳಲ್ಲ. ಜರ್ಮನಿಯಲ್ಲಿ 2007ರಿಂದ ಮಂಡಿ ಸವೆತಕ್ಕೂ ದೀರ್ಘಕಾಲದ ಸೊಂಟ ನೋವಿಗೂ ಸಾರ್ವಜನಿಕ ವಿಮೆಯಲ್ಲೇ ಸೂಜಿ ಚಿಕಿತ್ಸೆ ಸಿಗುತ್ತದೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2022ರಲ್ಲಿ ಮಂಡಿ ಸವೆತಕ್ಕೆ ಕೊಡಬೇಡಿ ಅಂತ ಹೇಳಿತು. ಮೈಗ್ರೇನ್ ತಡೆಯಲು, ಇನ್ನು ಕೆಲವು ಬಗೆಯ ದೀರ್ಘಕಾಲದ ನೋವಿಗೆ ಪ್ರಯತ್ನಿಸಬಹುದು ಅನ್ನುತ್ತದೆ. ನಮ್ಮ ಕೇಂದ್ರ ಆರೋಗ್ಯ ಇಲಾಖೆ 2019ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿದೆ. ಆದರೆ ಮಾನ್ಯತೆ ಸಿಕ್ಕಿದ ಮಾತ್ರಕ್ಕೆ ಶುಗರ್ ಇಳಿಯಲ್ಲ, ಅಲ್ವಾ?

ಅಪಾಯ ಕಡಿಮೆ. ಜರ್ಮನಿಯಲ್ಲೇ 2 ಲಕ್ಷ 29 ಸಾವಿರ ರೋಗಿಗಳನ್ನು ಗಮನಿಸಿದಾಗ ಹೆಚ್ಚಾಗಿ ಕಂಡದ್ದು ಸ್ವಲ್ಪ ರಕ್ತ, ಚರ್ಮ ಕಪ್ಪುಗಟ್ಟುವುದು. ಇಬ್ಬರಿಗೆ ಮಾತ್ರ ಶ್ವಾಸಕೋಶಕ್ಕೆ ಪೆಟ್ಟಾಗಿ ಸುತ್ತ ಗಾಳಿ ತುಂಬಿಕೊಂಡಿತ್ತು. ನಿಮ್ಮ ತಾಯಿಯವರಿಗೆ ಶುಗರ್ ಇರುವುದರಿಂದ ಸೋಂಕಿನ ಕಡೆ ಜಾಸ್ತಿ ಗಮನ ಇರಲಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ.

ನಾನಾಗಿದ್ದರೆ ಅಮ್ಮನಿಗೆ ಮೊದಲು ತೊಡೆ ಗಟ್ಟಿ ಮಾಡುವ ವ್ಯಾಯಾಮ ಹೇಳಿಕೊಡಿಸುತ್ತಿದ್ದೆ. ಮಂಚದ ಮೇಲೆ ಕಾಲು ಚಾಚಿ, ಸುತ್ತಿದ ಟವೆಲನ್ನು ಮಂಡಿ ಕೆಳಗಿಟ್ಟು ಒತ್ತಿ ಐದು ಎಣಿಸೋದು. ಇದಕ್ಕೆ ದುಡ್ಡು ಬೇಡ, ಮಂಡಿ ಸವೆತಕ್ಕೆ ವ್ಯಾಯಾಮ ಮಾಡಿಸಿ ಅನ್ನುವುದರಲ್ಲಿ ಡಾಕ್ಟರ್‌ಗಳಲ್ಲಿ ಜಗಳವೂ ಇಲ್ಲ. ಅದರ ಜೊತೆಗೆ ಸೂಜಿಯೂ ನೋಡೋಣ ಅಂತ ಅವರಿಗೇ ಆಸೆ ಇದ್ದರೆ ಕರೆದುಕೊಂಡು ಹೋಗಿ. ಆದರೆ ಹತ್ತು ಸಿಟಿಂಗ್‌ನ ಪ್ಯಾಕೇಜ್ ಬೇಡ, ಸಿಟಿಂಗ್ ಲೆಕ್ಕದಲ್ಲಿ ದುಡ್ಡು ಕೊಡಿ. ಐದಾರು ಸಲ ಆದಮೇಲೂ ಮೆಟ್ಟಿಲು ಹತ್ತುವಾಗ ಅಷ್ಟೇ ನೋವಿದ್ದರೆ ಬಿಟ್ಟುಬಿಡಿ. ಮತ್ತೆ, ಶುಗರ್ ಮಾತ್ರೆ ನಿಲ್ಲಿಸಿ ಅಂದ ಆ ಕ್ಲಿನಿಕ್‌ಗಂತೂ ಹೋಗಬೇಡಿ, ಬೇರೆ ಕಡೆ ನೋಡಿ.