ಬರಹಗಾರರಿಗೆ ಸಲಹೆ: ನಾಮಫಲಕದಿಂದ ಶುರು ಮಾಡಿ

ನಮಸ್ಕಾರ.

‘ನಮ್ಮ ಪಂಚಾಯಿತಿಯ ಪಾರದರ್ಶಕತೆ: ಒಂದು ಸ್ವತಂತ್ರ ಮೌಲ್ಯಮಾಪನ’ ಎಂಬ ನಿಮ್ಮ ಲೇಖನ ಓದಿದೆವು. ಜಗಳೂರು ತಾಲ್ಲೂಕಿನ ನಿಮ್ಮ ಗ್ರಾಮ ಪಂಚಾಯಿತಿ ಜಮಾಬಂದಿಯಲ್ಲಿ (ವರ್ಷದ ಲೆಕ್ಕ, ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ಸಭೆಯಲ್ಲಿ) ಒಪ್ಪಿಕೊಂಡ ಐದು ಮಾತುಗಳು ಎಲ್ಲಿಗೆ ಬಂದವು ಎಂದು ನೋಡಲು ಹೊರಟಿದ್ದೀರಿ. ದಾವಣಗೆರೆ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರು ಕಡಿಮೆ, ಹಾಗಾಗಿ ನಿಮ್ಮ ಬರಹ ನಮಗೆ ಬೇಕು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಮೊದಲು ‘ಸ್ವತಂತ್ರ’ ಎಂಬ ಪದ. ಕಳೆದ ಚುನಾವಣೆಯಲ್ಲಿ ಇದೇ ಪಂಚಾಯಿತಿಗೆ ನಿಂತು ನಿಮ್ಮ ಚಿಕ್ಕಪ್ಪ ಸೋತದ್ದು ಕೊನೆಯ ಪುಟದಲ್ಲಿ ಒಂದು ಸಾಲಾಗಿ ಬರುತ್ತದೆ. ಅದನ್ನು ಮೊದಲ ಪ್ಯಾರಾಕ್ಕೆ ತನ್ನಿ. ಉದ್ಯೋಗ ಖಾತ್ರಿಯ ಸಾಮಾಜಿಕ ಲೆಕ್ಕಪರಿಶೋಧನೆಗೆಂದು 2011ರಲ್ಲಿ ಮಾಡಿದ ನಿಯಮಗಳಲ್ಲಿ, ಪರಿಶೋಧನೆಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ ಅದೇ ಪಂಚಾಯಿತಿಯ ನಿವಾಸಿ ಆಗಿರಬಾರದು ಎಂದಿದೆ. ಆ ನಿಯಮ ನಿಮ್ಮನ್ನು ಕಟ್ಟಿಹಾಕುವುದಿಲ್ಲ, ಅದರ ಹಿಂದಿನ ಕಾರಣ ಮಾತ್ರ ನಿಮಗೂ ಸಲ್ಲುತ್ತದೆ. ಪಕ್ಕದ ಪಂಚಾಯಿತಿಯ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಅಳತೆಯ ಪ್ರತಿ ಹಾಳೆಗೂ ಅವರ ಸಹಿ ಹಾಕಿಸಿ.

ಆಡಳಿತವನ್ನು ಜನರಿಗೆ ತೆರೆದಿಡುತ್ತೇವೆ ಎಂದು ಮಾತು ಕೊಟ್ಟ ದೇಶಗಳ ಕೂಟವಾದ ‘ಓಪನ್ ಗವರ್ನಮೆಂಟ್ ಪಾರ್ಟ್‌ನರ್‌ಶಿಪ್’ನ ಸದಸ್ಯ ಭಾರತ ಎಂದು ಬರೆದಿದ್ದೀರಿ. ಅದು ತಪ್ಪು. 2011ರಲ್ಲಿ ಅದನ್ನು ಶುರು ಮಾಡಿದ ಎಂಟು ದೇಶಗಳಲ್ಲಿ ಭಾರತ ಇರಲಿಲ್ಲ, ಆಮೇಲೂ ಸೇರಿಲ್ಲ. ಆದರೂ ಆ ಕೂಟದ ಸ್ವತಂತ್ರ ವರದಿ ವ್ಯವಸ್ಥೆ ಕ್ರಿಯಾ ಯೋಜನೆಗಳನ್ನು ಅಳೆಯುವ ಬಗೆ ನಿಮ್ಮ ಕೆಲಸಕ್ಕೆ ಬರುತ್ತದೆ. ಕೊಟ್ಟ ಮಾತು ಪರೀಕ್ಷಿಸಿ ನೋಡುವಂಥದ್ದೇ ಎಂದು ಅದು ಮೊದಲು ಕೇಳುತ್ತದೆ. ಆಮೇಲೆ ಆರಂಭವೇ ಆಗಿಲ್ಲ, ಸ್ವಲ್ಪ ಆಗಿದೆ, ಬಹುಪಾಲು ಆಗಿದೆ, ಪೂರ್ತಿ ಆಗಿದೆ ಎಂದು ನಾಲ್ಕು ಹಂತಗಳಲ್ಲಿ ಗುರುತು ಹಾಕುತ್ತದೆ. ಇದರಿಂದ ಆಡಳಿತ ನಿಜಕ್ಕೂ ಜನರಿಗೆ ತೆರೆದುಕೊಂಡಿತೇ ಎಂಬುದು ಬೇರೆಯೇ ಪ್ರಶ್ನೆ. ಕೆಲಸ ಪೂರ್ತಿ ಮುಗಿದಿದ್ದರೂ ಅದಕ್ಕೆ ಉತ್ತರ ‘ಇಲ್ಲ’ ಎಂದಿರಬಹುದು.

ಈ ಜರಡಿ ಹಿಡಿದರೆ ನಿಮ್ಮ ಐದರಲ್ಲಿ ‘ಮಾಹಿತಿ ಮುಕ್ತವಾಗಿ ಸಿಗುವಂತೆ ಮಾಡುವುದು’ ಎಂಬುದು ನಿಲ್ಲುವುದಿಲ್ಲ. ಯಾವ ಮಾಹಿತಿ, ಯಾರಿಗೆ, ಯಾವಾಗ ಎಂಬುದು ಅದರಲ್ಲಿಲ್ಲ. ಅದಕ್ಕೆ ‘ವಿಫಲ’ ಎಂದು ಅಂಕ ಕೊಡಬೇಡಿ, ‘ಪರೀಕ್ಷಿಸಲು ಬಾರದು’ ಎಂದು ಬರೆಯಿರಿ. ‘ಪ್ರತಿ ಕಾಮಗಾರಿಯ ಸ್ಥಳದಲ್ಲಿ ನಾಮಫಲಕ’ ಎಂಬುದು ಗಟ್ಟಿ ಮಾತು.

ಅದಕ್ಕೆ ನೀವು ಕೊಟ್ಟ ಸಾಕ್ಷಿ ನಾಲ್ಕನೇ ಫೋಟೊ. ಸಿ.ಸಿ. ರಸ್ತೆ ಪಕ್ಕದ ಹಳದಿ ಫಲಕ. ಕಾಮಗಾರಿಯ ಹೆಸರು, ಯೋಜನೆ, ವರ್ಷ ನೀಟಾಗಿವೆ. ‘ಅಂದಾಜು ಮೊತ್ತ’ದ ಮುಂದೆ ‘ರೂ.’ ಎಂದಿದೆ, ಅಂಕಿ ಇಲ್ಲ. ‘ಪೂರ್ಣಗೊಂಡ ದಿನಾಂಕ’ದ ಮುಂದೆ ಎರಡು ಓರೆಗೆರೆ, ಅವುಗಳ ಅಕ್ಕಪಕ್ಕ ಖಾಲಿ. ಇದರ ಕೆಳಗೆ ನೀವು ‘ಫಲಕ ಹಾಕಿಲ್ಲ’ ಎಂದು ಬರೆದಿದ್ದೀರಿ. ಫಲಕ ಹಾಕಿದ್ದಾರೆ, ಜನ ಲೆಕ್ಕ ಹಿಡಿಯಬಹುದಾದ ಎರಡು ಅಂಕಿ ಬಿಟ್ಟಿದ್ದಾರೆ. ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಬೇಕು.

ವರ್ಷದ ಕ್ರಿಯಾ ಯೋಜನೆಯ ಪಟ್ಟಿ ತೆಗೆದುಕೊಂಡು ಎಲ್ಲ ಕಾಮಗಾರಿಗಳಿಗೂ ಹೋಗಿ. ಪಟ್ಟಿ ಉದ್ದ ಇದ್ದರೆ ಮೊದಲ ಮೂರರಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಕ್ರಮವಾಗಿ ಪ್ರತಿ ಮೂರನೆಯದನ್ನು ನೋಡಿ. ಈಗ ನೀವು ನೋಡಿರುವ ಆರೂ ಕಾಮಗಾರಿಗಳು ನಿಮ್ಮ ಕೇರಿಯ ಸುತ್ತಲಿನವು, ಅವುಗಳಿಂದ ಇಡೀ ಪಂಚಾಯಿತಿಯ ಬಗ್ಗೆ ತೀರ್ಮಾನ ಹೇಳಲು ಬರುವುದಿಲ್ಲ. ರಸ್ತೆಯ ಉದ್ದವನ್ನು ಟೇಪು ಹಿಡಿದು ಇಬ್ಬರು ಅಳೆಯಿರಿ, ಅಗಲವನ್ನು ಶುರು, ನಡು, ಕೊನೆ ಮೂರೂ ಕಡೆ ತೆಗೆಯಿರಿ. ದಪ್ಪದ ವಿಷಯದಲ್ಲಿ ಎಚ್ಚರ ಇರಲಿ: ಅಂಚಿನಲ್ಲಿ ಕಾಂಕ್ರೀಟ್ ಪೂರ್ತಿ ಇದ್ದು ನಡುವೆ ತೆಳ್ಳಗಿರುವುದು ಉಂಟು. ಅಂಚಿನ ಅಳತೆಯನ್ನು ಅಂಚಿನ ಅಳತೆ ಎಂದೇ ಬರೆಯಿರಿ. ಒಳಗಿನದು ಬೇಕಿದ್ದರೆ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಕೊಡುತ್ತದೆ. ಎಸ್ಟಿಮೇಟ್ ಮತ್ತು ಎಂ.ಬಿ. ಪುಸ್ತಕದ (ಕಾಮಗಾರಿಯ ಅಳತೆ ದಾಖಲಿಸುವ ಪುಸ್ತಕ) ಪ್ರತಿ ಪಡೆದು ನಿಮ್ಮ ಅಳತೆಯ ಪಕ್ಕಕ್ಕಿಡಿ.

‘ಅರ್ಜಿ ಹಾಕಿದರೂ ಉತ್ತರ ಇಲ್ಲ’ ಎಂದಿದ್ದೀರಿ. ನಿಮ್ಮ ಅರ್ಜಿಗೂ ಲೇಖನಕ್ಕೂ ನಡುವೆ 22 ದಿನ. ಕಾಯ್ದೆ ಕೊಡುವ ಅವಧಿ 30 ದಿನ. ಅದೂ ಅಲ್ಲದೆ ರಸ್ತೆ, ಕುಡಿಯುವ ನೀರು, ಮನೆ ಹಂಚಿಕೆ ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಿದ್ದೀರಿ. ಕರ್ನಾಟಕದ ನಿಯಮ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಎನ್ನುತ್ತದೆ. ಮಾಹಿತಿ ಕೊಡದೆ ಹಿಂಬರಹ (ಲಿಖಿತ ಉತ್ತರ) ಕೊಟ್ಟು ಕಳಿಸಲು ಅವರಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಮೂರು ಅರ್ಜಿ ಮಾಡಿ, ಪ್ರತಿಯೊಂದಕ್ಕೂ 10 ರೂಪಾಯಿ ಶುಲ್ಕ ಕಟ್ಟಿ, ಸ್ವೀಕೃತಿ ಇಟ್ಟುಕೊಳ್ಳಿ. 30 ದಿನ ಕಳೆದ ಮೇಲೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನ ಇರುತ್ತದೆ.

ಗ್ರಾಮಸಭೆಗೆ ಜನ ಬರಲಿಲ್ಲ, ಆದ್ದರಿಂದ ‘ಜನರಿಗೇ ಆಸಕ್ತಿ ಇಲ್ಲ’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ನೀವೇ ಕೊಟ್ಟ ದಿನಾಂಕ ಮೆಕ್ಕೆಜೋಳ ಮುರಿಯುವ ವಾರದ್ದು, ಸಮಯ ಬೆಳಿಗ್ಗೆ ಹನ್ನೊಂದು. ಹೊಲ ಬಿಟ್ಟು ಯಾರು ಬರುತ್ತಾರೆ? ನೋಟಿಸನ್ನು ಎಷ್ಟು ದಿನ ಮುಂಚೆ, ಎಲ್ಲಿ ಅಂಟಿಸಿದ್ದರು, ಡಂಗುರ ಸಾರಿದರೇ ಎಂದು ಕೇಳಿ. ಮಾಹಿತಿ ಹಕ್ಕು ಕಾಯ್ದೆಯ 4(4) ಮಾಹಿತಿಯನ್ನು ಸ್ಥಳೀಯ ಭಾಷೆ ಮತ್ತು ಆ ಊರಿಗೆ ಹೊಂದುವ ವಿಧಾನವನ್ನು ಗಮನದಲ್ಲಿಟ್ಟು ತಿಳಿಸಬೇಕೆನ್ನುತ್ತದೆ. ಸೂಚನಾ ಫಲಕದ ಜೊತೆಗೆ ಸಾರ್ವಜನಿಕ ಘೋಷಣೆಯೂ ಅದರಲ್ಲಿ ಸೇರಿದೆ. ಬೀಗ ಹಾಕಿದ ಕಚೇರಿಯೊಳಗಿನ ಗೋಡೆಗೆ ಅಂಟಿಸಿದ ಹಾಳೆ ಆ ಕಲಮಿಗೆ ಸಾಲುತ್ತದೆಯೇ ಎಂಬುದು ನೀವು ಎತ್ತಲೇಬೇಕಾದ ಪ್ರಶ್ನೆ.

ಬರೆದು ಮುಗಿದ ಮೇಲೆ ಪ್ರತಿ ಆರೋಪವನ್ನೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಗೆ ಲಿಖಿತವಾಗಿ ಕೊಟ್ಟು, ಉತ್ತರಕ್ಕೆ ಹತ್ತು ದಿನ ಬಿಡಿ. ಬಂದ ಉತ್ತರವನ್ನು ಆಯಾ ಅಂಶದ ಕೆಳಗೇ ಸೇರಿಸಿ. ಬರದಿದ್ದರೆ ಕೊಟ್ಟ ದಿನಾಂಕ ಹಾಕಿ, ‘ಉತ್ತರ ಬಂದಿಲ್ಲ’ ಎಂದಷ್ಟೇ ಬರೆಯಿರಿ. ತಿದ್ದಿದ ಲೇಖನದ ಜೊತೆ ಅಳತೆಯ ಹಾಳೆಗಳು, ಸ್ವೀಕೃತಿಗಳು, ತಾರೀಖು ಇರುವ ಮೂಲ ಫೋಟೊಗಳನ್ನೂ ಕಳಿಸಿ. ನಾಲ್ಕನೆಯದನ್ನು ಮತ್ತೊಮ್ಮೆ, ಆ ಖಾಲಿ ಜಾಗ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರದಿಂದ ತೆಗೆಯಿರಿ.