ಗಿಟಾರಿನ ಮೇಲೆ ಬಿರುಕು ಬಣ್ಣ: ಲೇಖನ ಕಳಿಸಿದವರಿಗೆ ಒಂದು ಉತ್ತರ

ಮಾನ್ಯರೇ,

ನಮಸ್ಕಾರ. ಹಳೆಯ ಗಿಟಾರಿಗೆ ಮನೆಯಲ್ಲಿಯೇ ಬಿರುಕುಬಿಟ್ಟಂತೆ ಕಾಣುವ ಕ್ರ್ಯಾಕಲ್ ಬಣ್ಣ ಹಚ್ಚುವ ಕುರಿತು ಗಂಗಾವತಿಯಿಂದ ನೀವು ಕಳಿಸಿದ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕನ್ನಡದಲ್ಲಿ ಇಂಥ ಕೈಕೆಲಸದ ಬರಹಗಳು ಕಡಿಮೆ ಇರುವುದರಿಂದಲೂ, ಈ ಕೆಲಸವನ್ನು ನೀವು ನಿಜವಾಗಿ ಮಾಡಿದ್ದೀರಿ ಎಂಬುದು ಅಲ್ಲಲ್ಲಿ ಗೊತ್ತಾಗುವುದರಿಂದಲೂ, ಎರಡು ಸಾಲಿನ ವಿಷಾದಪತ್ರದ ಬದಲು ಈ ದೀರ್ಘ ಉತ್ತರ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟವನ್ನು ಸಂಗೀತದ ಮಹಿಮೆಗೆ ಮೀಸಲಿಟ್ಟಿದ್ದೀರಿ. ಅದನ್ನು ಪೂರ್ತಿಯಾಗಿ ತೆಗೆಯಿರಿ. ಬ್ರಷ್ ಹಿಡಿದು ಕುಳಿತವನಿಗೆ ಅದರಿಂದ ಉಪಯೋಗವಿಲ್ಲ. ಅದಾದ ಮೇಲೆ, "ಅಂಟು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮೇಲೊಂದು ಬಣ್ಣ ಬಳಿದರೆ ಸುಂದರವಾದ ಬಿರುಕುಗಳು ಮೂಡುತ್ತವೆ" ಎಂದು ಒಂದೇ ವಾಕ್ಯದಲ್ಲಿ ಮುಖ್ಯ ಕೆಲಸವನ್ನು ಮುಗಿಸಿಬಿಟ್ಟಿದ್ದೀರಿ. ಯಾವ ಅಂಟು, ಎಷ್ಟು ದಪ್ಪ, ಎಷ್ಟು ಹೊತ್ತು, ಯಾವ ಬಣ್ಣ, ಬ್ರಷ್ ಯಾವ ಕಡೆಗೆ ಎಳೆಯಬೇಕು ಎಂಬುದೆಲ್ಲ ಆ ಒಂದು ವಾಕ್ಯದೊಳಗೆ ಹೂತುಹೋಗಿದೆ. ಲೇಖನ ಆರಂಭವಾಗಬೇಕಾದದ್ದು ಅಲ್ಲಿಂದ.

ಬಣ್ಣ ಹಚ್ಚಿದ ಗಿಟಾರು ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆ ಹೊಲದಂತೆ ಕಂಡಿತು ಎಂದು ಬರೆದಿದ್ದೀರಿ. ನನಗೆ ಹಿಡಿಸಿದ ಮಾತು ಅದು. ಆದರೆ ಅದನ್ನು ಬರೀ ಅಲಂಕಾರಕ್ಕೆ ಬಳಸಿ ಕೈಬಿಟ್ಟಿದ್ದೀರಿ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಆರಿದಾಗ ಕುಗ್ಗಿ ಸೀಳುತ್ತದೆ. ನೀರು ಬೆರೆತ ಬಣ್ಣವೂ ಆರುವಾಗ ಕುಗ್ಗುತ್ತದೆ, ಆದರೆ ತಳವನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಸಾಮಾನ್ಯವಾಗಿ ಸೀಳುವುದಿಲ್ಲ. ನಡುವೆ ಅಂಟಿನ ಪದರವೊಂದು ಇದ್ದರೆ, ಮೇಲ್ಬಣ್ಣದಲ್ಲಿರುವ ನೀರು ಆ ಅಂಟನ್ನು ಮೆತ್ತಗಾಗಿಸಿ ಹಿಡಿತ ತಪ್ಪಿಸುತ್ತದೆ. ಮೇಲ್ಮೈ ಬೇಗ ಆರಿ ಬಿಗಿಯುತ್ತಾ ಹೋದಂತೆ ಬಣ್ಣ ಅಂಟಿನ ಮೇಲೆ ಜಾರಿ ಸೀಳುತ್ತದೆ, ಸೀಳಿದಲ್ಲೆಲ್ಲ ತಳದ ಬಣ್ಣ ಇಣುಕುತ್ತದೆ. ಇಷ್ಟನ್ನು ವಿವರಿಸಿದರೆ ಮೇಲ್ಬಣ್ಣ ಆಕ್ರಿಲಿಕ್ ಅಥವಾ ಎಮಲ್ಷನ್‌ನಂತಹ ನೀರಿನ ಬಣ್ಣವೇ ಏಕೆ ಆಗಬೇಕು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಎನಾಮೆಲ್ ಎಣ್ಣೆ ಬಣ್ಣವಾದ್ದರಿಂದ "ಎನಾಮೆಲ್ ಆದರೂ ನಡೆಯುತ್ತದೆ" ಎಂಬ ನಿಮ್ಮ ಮಾತು ನಿಲ್ಲುವುದಿಲ್ಲ ಎಂಬುದು ನಿಮಗೂ ಆಗ ತಾನಾಗಿ ಕಾಣುತ್ತದೆ.

ಇದಕ್ಕಿಂತ ದೊಡ್ಡ ತಪ್ಪು, ಫೆವಿಕಾಲ್‌ನಂತಹ ಬಿಳಿ ಅಂಟನ್ನು ಹಚ್ಚಿ "ಚೆನ್ನಾಗಿ ಒಣಗಿದ ಮೇಲೆ" ಬಣ್ಣ ಬಳಿಯಬೇಕು ಎಂದಿರುವುದು. ಬಿಳಿ ಅಂಟು ಪೂರ್ತಿ ಒಣಗಿದರೆ ಮೇಲ್ಬಣ್ಣ ಬಿರುಕು ಬಿಡುವುದಿಲ್ಲ. ಬೆರಳು ತಾಗಿಸಿದರೆ ಜಿಗುಟು ಹಿಡಿಯುತ್ತಿರುವಾಗಲೇ ಮೇಲ್ಬಣ್ಣ ಬೀಳಬೇಕು. ಅಂಟಿನ ಬದಲು ಬಳಸಲು ಅಂಗಡಿಯಲ್ಲಿ ಸಿಗುವ ಕ್ರ್ಯಾಕಲ್ ಮೀಡಿಯಂಗಳ ಲೆಕ್ಕ ಬೇರೆ: ಕೆಲವನ್ನು ಜಿಗುಟಿರುವಾಗ, ಕೆಲವನ್ನು ಒಣಗಿದ ಮೇಲೆ ಬಳಸಬೇಕಾಗುತ್ತದೆ. ನೀವು ಯಾವುದನ್ನು ಬಳಸಿದಿರಿ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಅಲ್ಲದೆ ಡಬ್ಬಿಯ ಮೇಲೆ ಅಚ್ಚಾದ ನಿಮಿಷಗಳನ್ನು ಹಾಗೆಯೇ ನಕಲು ಮಾಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ ಗಾಳಿಯೂ ಒಣಗಿರುವಾಗ, ಗಿಟಾರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಂಟು ಹಚ್ಚಿ ಮುಗಿಸುವಷ್ಟರಲ್ಲಿ ಆರಂಭಿಸಿದ ಕಡೆ ಆಗಲೇ ಒಣಗಿರುತ್ತದೆ. ಬೆಳಗ್ಗೆ ಬಿಸಿಲೇರುವ ಮುಂಚೆ, ಫ್ಯಾನ್ ನಿಲ್ಲಿಸಿ ಮಾಡಿದೆ ಎಂದು ನೀವೇ ಒಂದು ಕಡೆ ಬರೆದಿದ್ದೀರಿ, ಅದೂ ಮುಗಿಯುವ ಹಂತದಲ್ಲಿ, ಬೇರೆ ಯಾವುದೋ ಮಾತಿನ ನಡುವೆ. ನಮ್ಮ ಭಾಗದ ಓದುಗನಿಗೆ ನಿಮ್ಮಿಂದಲೇ ಸಿಗಬೇಕಾದ ಮಾಹಿತಿ ಅದು, ಮುಂದಕ್ಕೆ ತನ್ನಿ.

ಬ್ರಷ್ಷಿನ ವಿಚಾರವನ್ನು ನಿಧಾನವಾಗಿ ಬರೆಯಿರಿ. ಒಂದೇ ದಿಕ್ಕಿಗೆ ಎಳೆದರೆ ಬಿರುಕುಗಳು ಆ ದಿಕ್ಕಿಗೇ ಉದ್ದವಾಗಿ ಬೀಳುತ್ತವೆ, ಸ್ಪಂಜಿನಿಂದ ಒತ್ತಿದರೆ ಬಲೆಯಂತೆ ಹರಡುತ್ತವೆ. ಮೇಲ್ಬಣ್ಣ ದಪ್ಪವಾದರೆ ಬಿರುಕು ಅಗಲ, ತೆಳುವಾದರೆ ಸಣ್ಣ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಬ್ರಷ್ ಹಾಯಿಸಿದ ಜಾಗಕ್ಕೆ ಮತ್ತೆ ಹಾಯಿಸಬಾರದು; ನೋಡನೋಡುತ್ತಲೇ ಬಿರುಕು ತೆರೆಯಲು ಶುರುವಾಗುತ್ತದೆ, ಆಗ ಸರಿಪಡಿಸಲು ಹೋದರೆ ಅಂಟೂ ಬಣ್ಣವೂ ಕಲಸಿ ರಾಡಿಯಾಗುತ್ತದೆ. ಗಿಟಾರಿನ ಅಂಚುಗಳಲ್ಲಿ ಇನ್ನೊಂದು ತೊಡಕಿದೆ. ಎಲೆಕ್ಟ್ರಿಕ್ ಗಿಟಾರಿನ ಬದಿ ಸುಮಾರು 45 ಮಿಲಿಮೀಟರ್ ದಪ್ಪವಿರುತ್ತದೆ. ಅದನ್ನು ನಿಲ್ಲಿಸಿಟ್ಟು ಅಂಟು ಹಚ್ಚಿದರೆ ಅಂಟು ಕೆಳಗಿಳಿದು, ಮೇಲೆ ಬಿರುಕೇ ಇಲ್ಲದೆ ಕೆಳಗೆ ದೊಡ್ಡ ದೊಡ್ಡ ಸೀಳುಗಳು ಬರುತ್ತವೆ. ನೀವು ಕಳಿಸಿದ ಮೂರನೆಯ ಚಿತ್ರದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತಿದೆ, ಬರಹದಲ್ಲಿ ಮಾತ್ರ ಅದರ ಸುದ್ದಿಯೇ ಇಲ್ಲ. ಕೆಟ್ಟದ್ದನ್ನು ಮುಚ್ಚಿಡದೆ, ಬದಿಗಳನ್ನು ಒಂದೊಂದಾಗಿ ಮೇಲ್ಮುಖವಾಗಿಸಿ ಹಚ್ಚಬೇಕು ಎಂದು ಬರೆದರೆ ಲೇಖನದ ಮೇಲೆ ನಂಬಿಕೆ ಹೆಚ್ಚುತ್ತದೆ.

ಯಾವ ಗಿಟಾರು ಎಂಬುದನ್ನು ಮೊದಲೇ ಹೇಳಿಬಿಡಿ. ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆ ಹೆಚ್ಚೆಂದರೆ ಮೂರು ಮಿಲಿಮೀಟರ್ ಆಸುಪಾಸು ಇದ್ದು, ಅದು ಕಂಪಿಸಿದರೇನೇ ನಾದ. ಅದರ ಮೇಲೆ ಅಂಟು, ಬಣ್ಣ, ವಾರ್ನಿಶ್ ಎಂದು ಪದರಗಳನ್ನು ಪೇರಿಸಿದರೆ ನಾದ ಮಂಕಾಗುತ್ತದೆ. ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಆದರೆ ಅಲ್ಲಿಯೂ ಕುತ್ತಿಗೆ ಕೂರುವ ಗುಂಡಿಗೆ ಟೇಪು ಅಂಟಿಸಬೇಕು, ಇಲ್ಲವಾದರೆ ಬಣ್ಣದ ದಪ್ಪಕ್ಕೆ ಕುತ್ತಿಗೆಯ ಕೋನ ಬದಲಾಗಿ ತಂತಿಗಳ ಎತ್ತರ ಕೆಡುತ್ತದೆ. ತಂತಿಗಳನ್ನು ಹೊತ್ತ ಬ್ರಿಡ್ಜ್ ಕೆಳಗೆ ಬರುವ ಅರ್ಥಿಂಗ್ ವೈರಿಗೆ ಬಣ್ಣ ಮೆತ್ತಿದರೆ ಆಂಪ್ಲಿಫೈಯರ್‌ನಲ್ಲಿ ಗುಂಯ್ ಎಂಬ ಸದ್ದು ಶುರುವಾಗುತ್ತದೆ. ಇವೆರಡೂ ನಿಮ್ಮ ಲೇಖನದಲ್ಲಿಲ್ಲ. ಹಳೆಯ ಪಾಲಿಶನ್ನು ಪೂರ್ತಿ ಕೆರೆದು ತೆಗೆಯಬೇಕು ಎಂದಿರುವುದೂ ಅನಗತ್ಯ ಶ್ರಮ. ಪಾಲಿಶ್ ಎದ್ದಿಲ್ಲದಿದ್ದರೆ 320 ನಂಬರಿನ ಎಮರಿ ಪೇಪರಿನಲ್ಲಿ ಹೊಳಪು ಹೋಗುವಷ್ಟು ಉಜ್ಜಿದರೆ ಸಾಕು.

ಕೊನೆಯ ವಾರ್ನಿಶ್ ಬಗ್ಗೆ ಒಂದು ಎಚ್ಚರಿಕೆ ಸೇರಿಸಿ. ಬಿರುಕುಗಳ ಸಂದಿನಲ್ಲಿ ಅಂಟು ತೆರೆದೇ ಇರುತ್ತದೆ. ನೀರಿನ ವಾರ್ನಿಶನ್ನು ಬ್ರಷ್ಷಿನಿಂದ ಧಾರಾಳವಾಗಿ ಬಳಿದರೆ ಆ ಅಂಟು ಮತ್ತೆ ಮೆತ್ತಗಾಗಿ ಬಣ್ಣ ಜಾರುತ್ತದೆ. ಮೊದಲ ಪದರಗಳನ್ನು ಸ್ಪ್ರೇಯಿಂದ ಹಗುರವಾಗಿ ಹೊಡೆಯುವುದು ಕ್ಷೇಮ.

ಇತಿಹಾಸದ ಭಾಗದಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದು ಮಾಡಿದ್ದೀರಿ. 1950, 60ರ ದಶಕಗಳ ಫೆಂಡರ್, ಗಿಬ್ಸನ್ ಕಂಪನಿಗಳ ಗಿಟಾರುಗಳ ಮೇಲಿನ ಕೂದಲೆಳೆಯಂಥ ಗೆರೆಗಳು, ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಮೆರುಗಿನ ಲೇಪ ಹಳತಾಗಿ ಪೆಡಸಾದಾಗ, ಬಿಸಿ, ಚಳಿ, ತೇವಕ್ಕೆ ಮರ ಹಿಗ್ಗಿ ಕುಗ್ಗಿದ್ದಕ್ಕೆ ಹೊಂದಿಕೊಳ್ಳಲಾಗದೆ ಬಂದವು. ಅಲ್ಲಿ ಅಂಟಿನ ಪದರವಿಲ್ಲ, ಬೇಕೆಂದು ಇಟ್ಟ ಎರಡನೆಯ ಬಣ್ಣವೂ ಇಲ್ಲ. ಬೇಕೆಂದೇ ಒಡೆಸಿದ ಎರಡು ಬಣ್ಣಗಳ ಗಿಟಾರುಗಳು ಜನಪ್ರಿಯವಾದದ್ದು 1980ರ ದಶಕದ ಅಮೆರಿಕದ ರಾಕ್ ಸಂಗೀತಗಾರರ ಕೈಯಲ್ಲಿ. ಎರಡು ವಾಕ್ಯ ಸಾಕು, ಪುಟ ಬೇಡ.

ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಪ್ಯಾರಾವನ್ನು ಬಿಡಲು ನಿಮಗೆ ಮನಸ್ಸಾಗಲಿಕ್ಕಿಲ್ಲ, ಆದರೂ ಬಿಡಬೇಕು. ಕೊಪ್ಪಳ ಜಿಲ್ಲೆಯ ಹೆಮ್ಮೆ ಎಂದು ಅದನ್ನು ತಂದು ಕೂರಿಸಿದ್ದೀರಿ, ಆದರೆ ಅಲ್ಲಿನ ಚಿತ್ರಗಾರರ ಕೆಲಸ ಇದಕ್ಕೆ ತದ್ವಿರುದ್ಧ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆ ಬೀಜದ ಅಂಟಿನೊಡನೆ ಕಲಸಿದ ಕಿಟ್ಟದಿಂದ ಮರದ ಜೋಡಣೆಗಳನ್ನು ಮುಚ್ಚಿ, ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಾರೆ. ಗೊಂಬೆಯ ಮೇಲೆ ಸಂದು ಕಾಣಬಾರದು ಎಂಬುದೇ ಅವರ ಶ್ರಮ. "ಇದೇ ಪರಂಪರೆಯ ಮುಂದುವರಿಕೆ" ಎಂದು ನೀವು ಬರೆದದ್ದನ್ನು ಕಿನ್ನಾಳದವರು ಓದಿದರೆ ನಗುತ್ತಾರೆ. ಆ ಹೋಲಿಕೆಯನ್ನು ವಿರೋಧವಾಗಿ ಬರೆಯಬಲ್ಲಿರಾದರೆ ಅದು ಇನ್ನೊಂದು ಲೇಖನವಾಗುತ್ತದೆ, ಪ್ರತ್ಯೇಕವಾಗಿ ಕಳಿಸಿ.

ಮತ್ತೆ ಬರೆಯುವಾಗ ಒಂಬೈನೂರು ಪದಗಳ ಒಳಗಿರಲಿ. ಗಿಟಾರಿಗೆ ಕೈ ಹಾಕುವ ಮುಂಚೆ ರದ್ದಿ ಪ್ಲೈವುಡ್ ತುಂಡಿನ ಮೇಲೆ ಅಂಟಿನ ದಪ್ಪವನ್ನು ಬದಲಿಸಿ ಪರೀಕ್ಷಿಸಿ, ಆ ತುಂಡಿನ ಚಿತ್ರವನ್ನೂ ಕಳಿಸಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಬಿರುಕಿನ ಅಳತೆ ತಿಳಿಯುತ್ತದೆ. ಚಿತ್ರ ತೆಗೆಯುವಾಗ ಫ್ಲ್ಯಾಷ್ ಬೇಡ, ಕಿಟಕಿಯ ಬೆಳಕು ಓರೆಯಾಗಿ ಬೀಳಲಿ. ಮೂರನೆಯ ಚಿತ್ರವನ್ನು ಮಾತ್ರ ಬದಲಿಸಬೇಡಿ, ಅದನ್ನು ಹಾಗೆಯೇ ಬಳಸೋಣ.

ಇಂತಿ,
ಸಂಪಾದಕ, ಬಳ್ಳಾರಿ