ಚಾರ್ಲ್ಸ್ ಬ್ರಾಡ್ಲಾ ಪ್ರಮಾಣವಚನವನ್ನು ನಿರಾಕರಿಸಿದ್ದು ನಿಜವೇ?

ನಾಸ್ತಿಕರಾದ ಚಾರ್ಲ್ಸ್ ಬ್ರಾಡ್ಲಾ ಪ್ರಮಾಣವಚನ ಸ್ವೀಕರಿಸಲು ಒಪ್ಪದ ಕಾರಣ ಬ್ರಿಟಿಷ್ ಸಂಸತ್ತು ಅವರನ್ನು ಆರು ವರ್ಷ ಹೊರಗಿಟ್ಟಿತಂತೆ, ನಿಜವೇ ಎಂದು ನೀವು ಕೇಳಿದ್ದೀರಿ. ಹೊರಗಿಟ್ಟದ್ದು ನಿಜ, ಆದರೆ ಕಾರಣ ಹೆಚ್ಚುಕಡಿಮೆ ತಿರುವುಮುರುವಾಗಿದೆ. ನಾನೂ ಬಹುಕಾಲ ನಿಮ್ಮಂತೆಯೇ ತಿಳಿದಿದ್ದೆ.

ಲಂಡನ್ನಿನ ಬಡ ಗುಮಾಸ್ತನ ಮಗನಾದ ಬ್ರಾಡ್ಲಾ ಕೆಲಕಾಲ ಸೈನಿಕರಾಗಿದ್ದು, ಮುಂದೆ ಭಾಷಣಕಾರರಾಗಿ ಹೆಸರು ಮಾಡಿ, ಮೂರು ಬಾರಿ ಸೋತ ಬಳಿಕ 1880ರಲ್ಲಿ ನಾರ್ತಾಂಪ್ಟನ್ ಕ್ಷೇತ್ರದಿಂದ ಗೆದ್ದರು. ದೇವರ ಹೆಸರೆತ್ತದೆ ದೃಢೀಕರಣ ಮಾಡಲು ತಮಗೆ ಅವಕಾಶ ಕೊಡಬೇಕೆಂದು ಅವರು ಮೊದಲು ಕೋರಿದರು. ಸದನದ ಸಮಿತಿ ಅದನ್ನು ಒಪ್ಪಲಿಲ್ಲ. ಹಾಗಾದರೆ ಎಲ್ಲರಂತೆ ಪ್ರಮಾಣವನ್ನೇ ಮಾಡುತ್ತೇನೆ, ಅದರಲ್ಲಿನ ದೇವರ ಮಾತು ತಮಗೆ ಅರ್ಥಹೀನವಾದರೂ ಅದಕ್ಕೆ ಬದ್ಧನಾಗಿರುತ್ತೇನೆ ಎಂದರು. ಸದನ ಕೆರಳಿದ್ದು ಇಲ್ಲಿಯೇ: ನಂಬಿಕೆಯಿಲ್ಲದವನ ಬಾಯಲ್ಲಿ ಪ್ರಮಾಣ ಬರುವುದೇ ಅಪಚಾರವೆಂದು ಅದಕ್ಕೂ ತಡೆ ಬಿತ್ತು. ಅತ್ತ ದರಿ, ಇತ್ತ ಪುಲಿ. ಹೊರಗೆ ಹೋಗಲೊಪ್ಪದ ಬ್ರಾಡ್ಲಾ ಅವರನ್ನು ಜೂನ್ 23ರಂದು ಸಂಸತ್ತಿನ ಗಡಿಯಾರ ಗೋಪುರದ ಕೋಣೆಯಲ್ಲಿ ಬಂಧಿಸಿಟ್ಟು, ಮರುದಿನ ಬಿಟ್ಟರು.

ಬಳಿಕ ಕಾನೂನಿನ ಹೊಣೆ ಅವರದೇ ಎಂಬ ಷರತ್ತಿನ ಮೇಲೆ ದೃಢೀಕರಣಕ್ಕೆ ಅವಕಾಶ ಸಿಕ್ಕಿ ಕೆಲವು ತಿಂಗಳು ಸದನದಲ್ಲಿ ಕುಳಿತರೂ, 1881ರಲ್ಲಿ ನ್ಯಾಯಾಲಯ ಅದು ಸಲ್ಲದೆಂದಿತು. ಸ್ಥಾನ ಹೋಯಿತು, ಉಪಚುನಾವಣೆ ನಡೆಯಿತು, ಮತ್ತೆ ಗೆದ್ದರು. ಆ ವರ್ಷದ ಆಗಸ್ಟ್ 3ರಂದು ಒಳಗೆ ಬರಲೆತ್ನಿಸಿದ ಈ ದೈತ್ಯದೇಹಿಯನ್ನು ಪೊಲೀಸರೂ ಸದನದ ಸೇವಕರೂ ಸೇರಿ ಮೆಟ್ಟಿಲುಗಳ ಮೇಲೆ ಎಳೆದುಕೊಂಡು ಅಂಗಳಕ್ಕೆ ತಂದರು, ಕೋಟು ಹರಿದಿತ್ತು. 1882ರ ಫೆಬ್ರುವರಿಯಲ್ಲಂತೂ ಅವರು ಮೇಜಿನ ಬಳಿಗೆ ನಡೆದು, ಜೇಬಿನಿಂದ ಹೊಸ ಒಡಂಬಡಿಕೆಯ ಪ್ರತಿಯನ್ನು ತೆಗೆದು, ತಮಗೆ ತಾವೇ ಪ್ರಮಾಣ ಬೋಧಿಸಿಕೊಂಡು ಸಹಿ ಹಾಕಿದರು. ಪ್ರಮಾಣಕ್ಕೆ ಹೆದರಿದವರು ಮಾಡುವ ಕೆಲಸವೇ ಇದು?

ಎಲ್ಲವನ್ನೂ ಧರ್ಮದ ಮೇಲೆ ಹೊರಿಸುವುದೂ ಸರಿಯಲ್ಲ. ವಿರೋಧಪಕ್ಷದ ರ‍್ಯಾಂಡಾಲ್ಫ್ ಚರ್ಚಿಲ್ ಮತ್ತು ಅವರ ಗೆಳೆಯರಿಗೆ ಇದು ಪ್ರಧಾನಿ ಗ್ಲಾಡ್‌ಸ್ಟನ್ ಅವರನ್ನು ನಾಸ್ತಿಕರ ಪಕ್ಷಪಾತಿಯೆಂದು ತೋರಿಸಲು ಒದಗಿಬಂದ ಅಸ್ತ್ರವಾಗಿತ್ತು. ಅಪ್ಪಟ ದೈವಭಕ್ತರಾದ ಗ್ಲಾಡ್‌ಸ್ಟನ್ ಸರ್ಕಾರ 1883ರಲ್ಲಿ ತಂದ ದೃಢೀಕರಣ ಮಸೂದೆ ಕೇವಲ ಮೂರು ಮತಗಳಿಂದ ಬಿತ್ತು. ಇಷ್ಟಾದರೂ ನಾರ್ತಾಂಪ್ಟನ್ನಿನ ಮತದಾರರು 1882, 1884 ಮತ್ತು 1885ರಲ್ಲಿ ಅವರನ್ನೇ ಆರಿಸಿದರು. 1886ರ ಜನವರಿಯಲ್ಲಿ ಸಭಾಧ್ಯಕ್ಷ ಪೀಲ್ ಅವರು ಯಾರಿಗೂ ಅಡ್ಡಿಪಡಿಸಲು ಅವಕಾಶ ಕೊಡದೆ ಬ್ರಾಡ್ಲಾ ಅವರಿಗೆ ಪ್ರಮಾಣ ಸ್ವೀಕರಿಸಲು ಬಿಟ್ಟಾಗ ಕಗ್ಗಂಟು ಸಡಿಲವಾಯಿತು. 1888ರಲ್ಲಿ ದೃಢೀಕರಣವನ್ನು ಹಕ್ಕಾಗಿಸಿದ ಕಾಯ್ದೆ ಬ್ರಾಡ್ಲಾ ಅವರದೇ ಪ್ರಯತ್ನದ ಫಲ.

ಸದನದಲ್ಲಿ ನೆಲೆನಿಂತ ಮೇಲೆ ಭಾರತದ ಪ್ರಶ್ನೆಗಳನ್ನು ಎಷ್ಟು ಎತ್ತಿದರೆಂದರೆ ಅವರನ್ನು ‘ಭಾರತದ ಸದಸ್ಯ’ ಎಂದೇ ಕರೆಯತೊಡಗಿದರು. 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದರು. 1891ರ ಜನವರಿ 27ರಂದು ಸದನವು ಬ್ರಾಡ್ಲಾ ಅವರನ್ನು ತಡೆದಿದ್ದ ತನ್ನ ಹಳೆಯ ನಿರ್ಣಯವನ್ನು ದಾಖಲೆಯಿಂದ ತೆಗೆದುಹಾಕಲು ಒಪ್ಪಿತು. ಆಗ ಬ್ರಾಡ್ಲಾ ಮರಣಶಯ್ಯೆಯಲ್ಲಿದ್ದರು. ಮೂರು ದಿನಗಳಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಗಾಂಧಿಯೂ ಒಬ್ಬರು.